ಕಾಪುವಿನಲ್ಲಿ ಉಬ್ಬದ ಬ್ರೆಡ್

ಧಡ್!

ಮಣಿಪಾಲದಲ್ಲಿ ಅಕ್ಷಿತನ ಫ್ಲ್ಯಾಟಿನ ಮೇಜಿನ ಮೇಲೆ ಅದು ಬಿದ್ದ ಸದ್ದಿಗೆ ಕೆಳಗಿನ ಮನೆಯವರು ಭೂಕಂಪವೆಂದು ಚಪ್ಪಲಿ ಬಿಟ್ಟು ಓಡಿದರು. ಅತ್ತ ಮಲ್ಪೆಯಲ್ಲಿ ದೋಣಿಗಳು ಅಲ್ಲಾಡಿದವು. ನಾನು ಉತ್ಪ್ರೇಕ್ಷೆ ಮಾಡುವ ಜನವೇ ಅಲ್ಲ. ಕಾಪುವಿನಿಂದ ಕಾರ್ಕಳದವರೆಗೆ ಯಾರನ್ನು ಬೇಕಾದರೂ ಕೇಳಿ, ನನ್ನಷ್ಟು ಅಳೆದು ತೂಗಿ ಕಥೆ ಹೇಳುವವರು ಇನ್ನೊಬ್ಬರು ಸಿಕ್ಕರೆ ನಾನು ಕಥೆ ಹೇಳುವುದನ್ನೇ ಬಿಡುತ್ತೇನೆ.

"ಇದೆಂತದು?" ಎಂದ ಅಕ್ಷಿತ್, ಎರಡು ಹೆಜ್ಜೆ ಹಿಂದೆ ಸರಿದು.

"ನೀವೇ ಹೇಳಿ ಎಂತದು!" ಎಂದಳು ಚೈತಾಲಿ. ಕಾಪುವಿನಿಂದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ತೊಡೆ ಇನ್ನೂ ಜೋಮು ಹಿಡಿದಿತ್ತು.

ಅಕ್ಷಿತ್ ಬಗ್ಗಿ ನೋಡಿದ. ಬೆರಳಿನಿಂದ ತಟ್ಟಿದ. ಟಕ್ ಟಕ್ ಎಂದಿತು.

"ಒಳ್ಳೆ ಕಲ್ಲು. ನಮ್ಮ ಕಾರ್ಕಳದ್ದಾ?"

"ಬ್ರೆಡ್!" ಅವಳ ಸ್ವರ ಫ್ಯಾನಿನ ರೆಕ್ಕೆಗೆ ಬಡಿದು ವಾಪಸ್ ಬಂತು. "ನೀವು ನನಗೆ ಮಾರಿದ ಮೆಷಿನಿನಲ್ಲಿ ಮಾಡಿದ ಬ್ರೆಡ್! ಹಿಟ್ಟು, ನೀರು, ಯೀಸ್ಟ್, ಉಪ್ಪು ಹಾಕಿ ಗುಂಡಿ ಒತ್ತಿದರೆ ಸಾಕು, ಅದೇ ಕಲಸಿ, ಉಬ್ಬಿಸಿ, ಬೇಯಿಸಿ ಕೊಡ್ತದೆ ಅಂತ ಹೇಳಿದ್ದು ಯಾರು?"

"ನಾನೇ. ಕೊಡ್ತದೆ."

"ಇದನ್ನಾ?!"

ಅಕ್ಷಿತ್ ಗಂಭೀರವಾಗಿ ತಲೆ ಕೆರೆದುಕೊಂಡ. "ನೋಡಿ, ನಾನು ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುವವ. ಇಂಥದ್ದನ್ನು ನಾಲ್ಕು ಮನೆಯವರು ತಿಂದರೆ ನಮಗೆ ವರ್ಷವಿಡೀ ಬಿಡುವಿರುವುದಿಲ್ಲ."

ಎಂದು ನಕ್ಕ. ಹಲ್ಲಿನ ಲ್ಯಾಬಿನವನಿಗೇ ಮುಂದಿನ ಒಂದು ಹಲ್ಲು ಓರೆ! ನಗುವಾಗ ಅದು ಮಾತ್ರ ಮೊದಲು ಬಾಗಿಲು ತೆರೆದು ಹೊರಗೆ ಇಣುಕುತ್ತಿತ್ತು.

'ಛೀ... ಮೋಸಗಾರನ ಹಲ್ಲನ್ನು ನಾನು ಯಾಕೆ ನೋಡುತ್ತಿದ್ದೇನೆ?' ಚೈತಾಲಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಮೆಷಿನ್ ಹಾಳಾಗಿದೆ. ವಾಪಸ್ ತಗೊಳ್ಳಿ."

"ಮೆಷಿನಿಗೆ ಎಂತ ಆಗ್ಲಿಲ್ಲ. ದುಬೈಯಿಂದ ಅತ್ತೆ ತಂದು ಕೊಟ್ಟದ್ದು. ಒಬ್ಬನೇ ಇಡೀ ಬ್ರೆಡ್ ತಿಂದು ತಿಂದು ಪ್ಯಾಂಟಿನ ಗುಂಡಿ ಹಾರಿಹೋಯಿತು, ಅದಕ್ಕೇ ಮಾರಿದ್ದು. ಇಲ್ಲಿಗೆ ತನ್ನಿ. ನಾನು ಮಾಡಿ ತೋರಿಸ್ತೇನೆ."

ಅವಳು ತಂದಳು. ಅವನು ಮಾಡಿದ.

ಅಯ್ಯೋ, ಆ ಬ್ರೆಡ್ಡನ್ನು ನೀವು ನೋಡಬೇಕಿತ್ತು! ಹತ್ತಿ ನಾಚಬೇಕು. ಮುಚ್ಚಳ ತೆಗೆದ ಕೂಡಲೇ ಹೊರಟ ಪರಿಮಳಕ್ಕೆ ಕಲ್ಯಾಣಪುರದ ಸೇತುವೆಯ ಮೇಲೆ ಹೋಗುತ್ತಿದ್ದ ಬಸ್ಸುಗಳು ತಾವಾಗಿಯೇ ಮಣಿಪಾಲದ ಕಡೆ ತಿರುಗಿದವು.

"ಹೇಗುಂಟು?" ಅಕ್ಷಿತ್ ಎದೆ ಉಬ್ಬಿಸಿ ಕೇಳಿದ.

ಚೈತಾಲಿ ಅಗಿಯುತ್ತಾ ಅವನನ್ನು ದುರುಗುಟ್ಟಿ ನೋಡಿದಳು. ಇಷ್ಟು ರುಚಿಯಾದದ್ದನ್ನು ಇಷ್ಟು ಸಿಟ್ಟಿನಿಂದ ತಿಂದವರು ಉಡುಪಿ ಜಿಲ್ಲೆಯಲ್ಲಿ ಬೇರೆ ಯಾರೂ ಇಲ್ಲ.

ಮೆಷಿನ್ ಕಾಪುವಿಗೆ ಬಂತು. ಅದೇ ಹಿಟ್ಟು, ಅದೇ ಯೀಸ್ಟ್, ಅದೇ ಅಳತೆ.

ಮತ್ತೆ ಇಟ್ಟಿಗೆ!

*

ಅವಳಿಗೆ ಈ ಬ್ರೆಡ್ಡಿನ ಹಟ ಯಾಕೆ ಎಂದು ಕೇಳುತ್ತೀರಾ? ಹೇಳುತ್ತೇನೆ, ಆದರೆ ಅಕ್ಷಿತನಿಗೆ ಹೇಳಬೇಡಿ. ಅವಳು ಅವನಿಗೆ ಹೇಳಿರಲಿಲ್ಲ.

ಚೈತಾಲಿ ಮಧ್ಯಾಹ್ನದ ಮೇಲೆ ಪಾಠ ಮಾಡುತ್ತಿದ್ದ ಟ್ಯೂಷನ್ ಸೆಂಟರ್ ಮುಚ್ಚುವುದರಲ್ಲಿತ್ತು. ಮಣಿಪಾಲದಲ್ಲಿ ಸಣ್ಣ ಕೆಫೆ ನಡೆಸುವ ಜೋಸ್ಲಿನ್ ಎಂಬ ಹೆಂಗಸಿಗೆ, ಎಲ್ಲರೂ ಗೌರವದಿಂದ 'ಬಾಯಿ' ಎಂದು ಕರೆಯುವವರಿಗೆ, ಮನೆಯಲ್ಲೇ ಮಾಡಿದ ಬ್ರೆಡ್ ಬೇಕಿತ್ತು. "ಒಮ್ಮೆ ಮಾಡಿ ತೋರಿಸು ಮಗಾ. ಹಿಡಿಸಿದರೆ ದಿನಾ ನಿನ್ನದೇ" ಎಂದಿದ್ದರು. ಅಷ್ಟೇ! ಆ ಒಂದು ಮಾತಿನ ಮೇಲೆ ಚೈತಾಲಿ ಮನಸ್ಸಿನಲ್ಲೇ ಅಂಗಡಿ ಕಟ್ಟಿ, ಬೋರ್ಡು ಹಾಕಿ, ಬೋರ್ಡಿಗೆ ಲೈಟೂ ಹಾಕಿಸಿದ್ದಳು. ಅವಳ ಜೀವನದಲ್ಲಿ ತನ್ನದು ಎಂದು ಹೇಳಿಕೊಳ್ಳುವ ಮೊದಲ ಕೆಲಸ ಅದು.

ಆದರೆ ದಿನಾ ಊಟ ಮುಗಿಸಿ ಮೆಷಿನಿಗೆ ಹಿಟ್ಟು ಹಾಕಿ, ಗುಂಡಿ ಒತ್ತಿ, ಟ್ಯೂಷನ್ನಿಗೆ ಹೋಗಿ ಸಂಜೆ ಬಂದು ಮುಚ್ಚಳ ತೆಗೆದರೆ ಕೆಂಪುಕಲ್ಲಿನ ಕ್ವಾರಿ!

"ಅಮ್ಮಾ, ನೀನು ಮುಚ್ಚಳ ತೆಗೆದಿದ್ದೀಯಾ?"

"ದೇವರಾಣೆ ಇಲ್ಲ," ಎನ್ನುತ್ತಿದ್ದರು ಅವಳ ತಾಯಿ ಮನೋರಮಾ. "ನೀನು ಮುಟ್ಟಬೇಡ ಅಂದ ಮೇಲೆ ನಾನು ಯಾಕೆ ಮುಚ್ಚಳ ಮುಟ್ಟಲಿ? ಅಲ್ಲ, ಈ ಬ್ರೆಡ್ ಯಾಕೆ ಮಾರಾಯ್ತಿ? ಬ್ರೆಡ್ ಜ್ವರ ಬಂದವರು ತಿನ್ನುವುದು. ನಿನ್ನೆ ಆಚೆ ಮನೆಯ ವನೆಸ್ಸಾ ಕೇಳ್ತಿದ್ಳು, ನಿಮ್ಮಲ್ಲಿ ಯಾರಿಗೆ ಹುಷಾರಿಲ್ಲ ಅಂತ."

ಚೈತಾಲಿ ಹಿಟ್ಟು ಬದಲಿಸಿದಳು. ಉಡುಪಿಯಿಂದ ಹೊಸ ಯೀಸ್ಟ್ ತಂದಳು. ಸಮುದ್ರದ ಗಾಳಿಯ ದೋಷವೆಂದು ಕಿಟಕಿ ಮುಚ್ಚಿದಳು. ಬಾವಿ ನೀರಿನ ದೋಷವೆಂದು ಹೆಬ್ರಿಯಿಂದ ನೀರು ತರಿಸಿದಳು. ಪೆರ್ಡೂರಿನ ಅನಂತಪದ್ಮನಾಭನಿಗೆ ಬಾಳೆಹಣ್ಣಿನ ಹರಕೆ ಹೊತ್ತಳು. ದೇವರೇನೋ ಒಪ್ಪಿದ, ಹಿಟ್ಟು ಒಪ್ಪಲಿಲ್ಲ.

ಕೊನೆಗೆ ಅಕ್ಷಿತನಿಗೆ ಫೋನ್ ಮಾಡಿದಳು.

"ನೀವು ಬೇಕಂತಲೇ ಏನೋ ಮಾಡಿ ಕಳಿಸ್ತಿದ್ದೀರಿ. ನಾನು ಪದೇ ಪದೇ ಬರಲಿ ಅಂತ!"

"ನಾನಾ? ನೀವೇ ಬೇಕಂತಲೇ ಬ್ರೆಡ್ ಹಾಳು ಮಾಡ್ತಿದ್ದೀರಿ ಅಂತ ನಾನು ತಿಳ್ಕೊಂಡಿದ್ದೆ. ಪದೇ ಪದೇ ಬರಲಿಕ್ಕೆ!"

ಫೋನಿನ ಎರಡೂ ಕಡೆ ಕಿವಿ ಬಿಸಿ!

"ನಾಳೆ ನಾನೇ ಬಂದು ಆ ಮೆಷಿನಿನ ಎದುರು ಕೂತುಕೊಳ್ತೇನೆ," ಎಂದ ಅಕ್ಷಿತ್. "ಆಗ ಗೊತ್ತಾಗ್ತದೆ ಯಾರ ತಪ್ಪು ಅಂತ."

*

ಅದು ಮಳೆಗಾಲ ಮುಗಿದ ಮೇಲೆ ಬರುವ ತುಲಾ ತಿಂಗಳು. ನಮ್ಮ ಕರಾವಳಿಯಲ್ಲಿ ಆ ತಿಂಗಳ ಗುಡುಗು ಸರಕಾರಿ ನೌಕರರಿಗಿಂತ ಶಿಸ್ತಿನದು. ಮಧ್ಯಾಹ್ನ ಕಳೆಯಿತೋ, ಹಾಜರು!

ಚೈತಾಲಿ ಮೆಷಿನ್ ಶುರು ಮಾಡಿ, ಅಕ್ಷಿತನನ್ನು ಅದರ ಎದುರು ಕುಳ್ಳಿರಿಸಿ, "ಕಣ್ಣು ಮುಚ್ಚಬಾರದು" ಎಂದು ಹೇಳಿ ಪಾಠಕ್ಕೆ ಹೋದಳು. ಮನೋರಮಾ ಅವನ ಎದುರು ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಬನ್ಸ್ ಇಟ್ಟರು. ಮುಗಿದಂತೆ ಇನ್ನೆರಡು ಇಟ್ಟರು. ಬೇಡ ಎಂದಾಗ ಮೂರು ಇಟ್ಟರು.

ಮೆಷಿನ್ ಕಲಸುವುದನ್ನು ಮುಗಿಸಿತು. ಗಾಜಿನ ಕಿಂಡಿಯಲ್ಲಿ ಹಿಟ್ಟು ಮೆಲ್ಲಗೆ ಏಳುತ್ತಿತ್ತು. 'ಎಷ್ಟು ಚೆಂದ ಉಬ್ಬುತ್ತಾ ಉಂಟು!' ಎಂದು ಅಕ್ಷಿತ್ ಅಂದುಕೊಳ್ಳುವಷ್ಟರಲ್ಲಿ...

ಗುಡುಡುಡು!

ಮಾತಿನ ಮಧ್ಯದಲ್ಲೇ ಮನೋರಮಾ ಎದ್ದರು. ಟಿವಿಯ ಪ್ಲಗ್ ತೆಗೆದರು. ವೈಫೈ ಡಬ್ಬದ್ದು ತೆಗೆದರು. ಫ್ರಿಜ್‌ನದು, ಮಿಕ್ಸಿಯದು... ಆಮೇಲೆ ಬಹಳ ಪ್ರೀತಿಯಿಂದ, ಬ್ರೆಡ್ ಮೆಷಿನಿನದು!

ಅಕ್ಷಿತನ ಬಾಯಲ್ಲಿದ್ದ ಬನ್ಸ್ ಅಲ್ಲೇ ನಿಂತಿತು.

"ಆಂಟಿ... ಈಗ ಎಂತ ಮಾಡಿದ್ರಿ?"

"ಪ್ಲಗ್ ತೆಗೆದೆ. ಗುಡುಗು ಕೇಳಲಿಲ್ವಾ?"

"ಯಾವಾಗಲೂ ತೆಗೀತೀರಾ?"

"ಮತ್ತೆ? ಚೈತಾಲಿಯ ಅಪ್ಪ ಮಸ್ಕತ್ತಿನಿಂದ ತಂದ ದೊಡ್ಡ ಟಿವಿ ಸಿಡಿಲಿಗೆ ಕರಟಿ ಹೋದದ್ದು ನಾನು ಮರೀತೇನಾ? ಅವಳು ಆಸೆಪಟ್ಟು ತಂದ ಮೆಷಿನ್ ಬೇರೆ!"

ಗುಡುಗು ನಿಂತಿತು. ಹಿಟ್ಟು ಉಬ್ಬಿ, ಸುಸ್ತಾಗಿ, ಕುಗ್ಗಿ ಕುಳಿತ ಮೇಲೆ ಮನೋರಮಾ ಎಲ್ಲ ಪ್ಲಗ್ಗುಗಳನ್ನೂ ವಾಪಸ್ ಸಿಕ್ಕಿಸಿದರು. "ಇದೊಂದು ಪಾಪ, ತಾನಾಗಿ ಶುರುವಾಗುವುದಿಲ್ಲ. ಈ ಗುಂಡಿ ಒತ್ತಬೇಕು. ಅವಳು ಒತ್ತುವುದನ್ನು ನೋಡಿ ಕಲಿತಿದ್ದೇನೆ," ಎಂದು ಹೆಮ್ಮೆಯಿಂದ ಒತ್ತಿದರು.

ಮೆಷಿನ್ ಮೊದಲಿನಿಂದ ಶುರು ಮಾಡಿತು. ಉಬ್ಬಿ ಇಳಿದಿದ್ದ ಹಿಟ್ಟನ್ನು ಪುನಃ ಹಿಡಿದು ದಬ ದಬ ಬಡಿಯತೊಡಗಿತು.

"ಇದು ಚೈತಾಲಿಗೆ ಗೊತ್ತುಂಟಾ?"

"ಅವಳು ಕೇಳಿದ್ದು ಮುಚ್ಚಳದ ವಿಷಯ. ಪ್ಲಗ್ಗಿನ ವಿಷಯ ಕೇಳಲೇ ಇಲ್ಲವಲ್ಲ?"

ಗುಡುಗಿಗೆ ಪ್ಲಗ್ ತೆಗೆಯುವುದು ನಮ್ಮಲ್ಲಿ ಉಸಿರಾಡಿದ ಹಾಗೆ. ಈಗ ಉಸಿರಾಡಿದೆ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರಾ? ಚೈತಾಲಿಯೂ ಮನೆಯಲ್ಲಿದ್ದಾಗ ಎಷ್ಟೋ ಸಲ ಟಿವಿಯ ಪ್ಲಗ್ ಕಿತ್ತವಳೇ. ಕಿತ್ತದ್ದು ನೆನಪಿರಬೇಕಲ್ಲ!

ಅಷ್ಟರಲ್ಲಿ ಬಾಗಿಲಲ್ಲಿ ಅವಳು. ಕೊಡೆ ಗಾಳಿಗೆ ತಿರುಗಿ ತಾವರೆಯಾಗಿತ್ತು. ಕೂದಲು ಕೆನ್ನೆಗೆ ಅಂಟಿತ್ತು. ಕಣ್ಣಿನಲ್ಲಿ ಇಡೀ ಜಗತ್ತಿನ ಆಸೆ.

"ಎಂತ ಗೊತ್ತಾಯ್ತಾ?"

ಅಕ್ಷಿತ್ ಬಾಯಿ ತೆರೆದ.

'ಹೇಳಿದರೆ ಮುಗಿಯಿತು. ಥ್ಯಾಂಕ್ಸ್ ಅನ್ನುತ್ತಾಳೆ. ನಾನು ಬಸ್ಸು ಹತ್ತುತ್ತೇನೆ. ಆಮೇಲೆ ಕಾಪುವಿಗೆ ಬರಲಿಕ್ಕೆ ನನಗೆ ಎಂತ ಕಾರಣ ಉಂಟು?'

"ಇಲ್ಲ..." ಎಂದ. "ಇನ್ನೊಂದು ಸಲ ಬಂದು ನೋಡಬೇಕು."

*

ಒಂದು ಸಲವಾ? ಆ ಪುಣ್ಯಾತ್ಮ ಎಷ್ಟು ಸಲ ಬಂದನೆಂದರೆ, ಉಡುಪಿ-ಕಾಪು ಬಸ್ಸಿನ ಕಂಡಕ್ಟರು ಅವನಿಗಾಗಿ ಸೀಟು ಕಾಯ್ದಿರಿಸುತ್ತಿದ್ದ.

ಮೆಷಿನಿನ ಕೆಳಗೆ ಮಣೆ ಇಟ್ಟು ನೋಡಿದ. ದಿಕ್ಕು ಬದಲಿಸಿ ನೋಡಿದ. ಗುಡುಗು ಬಂದರೆ ತಾನೇ ಎದ್ದು, "ನೀವು ಕೂತ್ಕೊಳ್ಳಿ ಆಂಟಿ" ಎಂದು ಎಲ್ಲ ಪ್ಲಗ್ ತೆಗೆದು ಕೊಡುತ್ತಿದ್ದ! ಚೈತಾಲಿ ಬಂದ ಮೇಲೆ ಇಬ್ಬರೂ ಆ ದಿನದ ಇಟ್ಟಿಗೆ ಹಿಡಿದುಕೊಂಡು ದೀಪಸ್ತಂಭದ ಹತ್ತಿರ ಕಡಲಿಗೆ ಹೋಗುತ್ತಿದ್ದರು. ಕಾಗೆಗೆ ಹಾಕಿದರೆ ಕಾಗೆ ಒಮ್ಮೆ ಕುಕ್ಕಿ, ಕೊಕ್ಕು ಒರೆಸಿಕೊಂಡು, ಅವರನ್ನು ಬೈದು ಹಾರಿಹೋಗುತ್ತಿತ್ತು.

"ನನ್ನ ಕೈಯೇ ಸರಿ ಇಲ್ವೇನೋ ಅಕ್ಷಿತ್," ಎಂದಳು ಅವಳು ಒಂದು ಸಂಜೆ, ಅಲೆ ನೋಡುತ್ತಾ. "ನಾನು ಮುಟ್ಟಿದ್ದು ಯಾವುದೂ ಉಬ್ಬುವುದಿಲ್ಲ."

ಅವನ ಗಂಟಲಿನವರೆಗೆ ಬಂತು ಸತ್ಯ... ನಾಲಗೆಗೆ ಬರಲಿಲ್ಲ. "ನಿಮ್ಮ ಕೈಗೆ ಎಂತ ಆಗ್ಲಿಲ್ಲ," ಎಂದಷ್ಟೇ ಹೇಳಿ ಆ ಕೈ ಹಿಡಿದ.

ಅವಳು ಬಿಡಿಸಿಕೊಳ್ಳಲಿಲ್ಲ. ಅರಬ್ಬೀ ಸಮುದ್ರ ಎರಡು ನಿಮಿಷ ಅಲೆ ನಿಲ್ಲಿಸಿತು. ಬೇಕಾದರೆ ದೀಪಸ್ತಂಭವನ್ನು ಕೇಳಿ.

'ಜೋಸ್ಲಿನ್ ಬಾಯಿಯ ವಿಷಯ ಇವನಿಗೆ ಹೇಳಲಾ? ಬೇಡ... ಗೆದ್ದ ಮೇಲೆ ಎಲ್ಲರಿಗಿಂತ ಮೊದಲು ಇವನಿಗೇ ಹೇಳಬೇಕು.'

ಆದರೆ ಜೋಸ್ಲಿನ್ ಬಾಯಿ ಗೆಲ್ಲುವವರೆಗೆ ಕಾಯಲಿಲ್ಲ. ಕಾಪುವಿಗೆ ಮದುವೆಗೆಂದು ಬಂದವರು, "ಸಂಜೆ ನಿಮ್ಮ ಮನೆಗೇ ಬರ್ತೇನೆ, ಬಿಸಿ ಬಿಸಿ ತೋರಿಸು" ಎಂದುಬಿಟ್ಟರು. ಅಂದು ಚೈತಾಲಿ ಗ್ರಾಂ ಗ್ರಾಂ ತೂಗಿ ಹಿಟ್ಟು ಹಾಕಿ, ಮೆಷಿನಿಗೆ ಕೈ ಮುಗಿದು ಪಾಠಕ್ಕೆ ಹೋದಳು.

ಮಧ್ಯಾಹ್ನ ಕಳೆಯಿತು. ಗುಡುಗು ಹಾಜರು, ಪ್ಲಗ್ಗಿನ ಹತ್ತಿರ ಮನೋರಮಾ ಹಾಜರು.

ಸಂಜೆ ಜೋಸ್ಲಿನ್ ಬಾಯಿಯ ಎದುರಿಗೇ ಮುಚ್ಚಳ ತೆಗೆದಳು.

ಬಾಯಿ ಅದನ್ನು ನೋಡಿದರು. ಚಾಕುವಿನಿಂದ ಒತ್ತಿದರು. ಚಾಕು ಬಾಗಿತು.

"ಬೇಜಾರು ಮಾಡ್ಬೇಡ ಮಗಾ," ಎಂದರು ಅವರು ಮೆಲ್ಲಗೆ. "ಇದನ್ನು ಗಿರಾಕಿಗಳಿಗೆ ಕೊಟ್ಟರೆ ನಾನು ಅಂಗಡಿ ಮುಚ್ಚಬೇಕು. ನಾನು ಬೇರೆ ಯಾರಿಗಾದರೂ ಹೇಳ್ತೇನೆ, ಆಯ್ತಾ?"

ಅವರು ಹೋದ ಮೇಲೆ ಚೈತಾಲಿ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟಳು. ಮನಸ್ಸಿನ ಅಂಗಡಿಯ ಬೋರ್ಡಿನ ಲೈಟುಗಳು ಒಂದೊಂದಾಗಿ ಆರಿದವು.

"ಅಳಬೇಡ ಮಗಾ," ಮನೋರಮಾ ಅವಳ ತಲೆ ಸವರಿದರು. "ಆ ಅಕ್ಷಿತನನ್ನು ಕೇಳು. ಅವನಿಗೆ ಮೆಷಿನಿನ ಎಲ್ಲ ಗೊತ್ತುಂಟು. ಗುಡುಗು ಬಂದಾಗ ಅದರ ಪ್ಲಗ್ ಸಹ ಅವನೇ ತೆಗೆದು ಕೊಡ್ತಾನೆ, ಒಳ್ಳೆ ಹುಡುಗ."

ಚೈತಾಲಿಯ ಅಳು ತಟ್ಟನೆ ನಿಂತಿತು.

"...ಯಾವ ಪ್ಲಗ್?"

*

ಮರುದಿನ ಅಕ್ಷಿತ್ ಓರೆ ಹಲ್ಲು ಮುಂದಿಟ್ಟುಕೊಂಡು, ಕೈಯಲ್ಲಿ ಹೊಸ ಯೀಸ್ಟಿನ ಪೊಟ್ಟಣ ಹಿಡಿದು ಬಂದ. ಗೇಟಿನಲ್ಲೇ ಅವಳು ನಿಂತಿದ್ದಳು.

"ಪ್ಲಗ್," ಎಂದಳು.

ಹಲ್ಲು ಒಳಗೆ ಹೋಯಿತು.

"ಮೊದಲ ದಿನವೇ ಗೊತ್ತಾಗಿತ್ತು, ಅಲ್ವಾ?"

"...ಹೌದು."

"ಹೇಳಲಿಲ್ಲ."

"ಹೇಳಿದರೆ ನಿಮ್ಮನ್ನು ನೋಡಲಿಕ್ಕೆ ಬರುವ ದಾರಿ ಮುಚ್ಚಿ ಹೋಗ್ತಿತ್ತು ಚೈತಾಲಿ. ನಾನು..."

ಅವಳ ಎದೆ ಒಮ್ಮೆ ಹಾರಿತು. ಆ ಎದೆಯ ಮೇಲೂ ಅವಳಿಗೆ ಸಿಟ್ಟು ಬಂತು! "ನಿಮ್ಮನ್ನು ನೋಡಲಿಕ್ಕೆ ಬಂದೆ ಅಂತ ಹೇಳಿ ಬಂದಿದ್ದರೆ ನಾನು ಗೇಟು ಹಾಕ್ತಿದ್ದೆನಾ? ನನ್ನ ಕೈಯೇ ಸರಿ ಇಲ್ಲ ಅಂತ ನಾನು ಅಳುವಾಗ ನೀವು ಪಕ್ಕದಲ್ಲಿ ಕೂತು ಬನ್ಸ್ ತಿಂತಾ ಇದ್ರಿ! ನಿನ್ನೆ ಜೋಸ್ಲಿನ್ ಬಾಯಿ ಬಂದಿದ್ದರು. ಈ ಬ್ರೆಡ್ ಸರಿ ಬಂದಿದ್ದರೆ ದಿನಾ ಅವರ ಕೆಫೆಗೆ ನನ್ನದೇ ಬ್ರೆಡ್. ಸೆಂಟರ್ ಮುಚ್ಚಿದ ಮೇಲೆ ನನಗೆ ಇದ್ದದ್ದು ಅದೊಂದೇ."

ಅಕ್ಷಿತನ ಮುಖ ಮೈದಾಹಿಟ್ಟಿನ ಬಣ್ಣಕ್ಕೆ ತಿರುಗಿತು. "ಅದು... ಅದು ನನಗೆ ಗೊತ್ತಿರಲಿಲ್ಲ."

"ಹೌದು. ನಿಮಗೆ ಗೊತ್ತಿಲ್ಲದ್ದು ಅದೊಂದೇ. ಹೋಗಿ ಅಕ್ಷಿತ್. ಇನ್ನು ಬರಬೇಡಿ."

ಯೀಸ್ಟಿನ ಪೊಟ್ಟಣ ಗೇಟಿನ ಮೇಲೆ ಉಳಿಯಿತು. ಅವನು ಉಳಿಯಲಿಲ್ಲ.

*

ನಾಲ್ಕು ದಿನ ಚೈತಾಲಿ ಮೆಷಿನನ್ನು ಮುಟ್ಟಲಿಲ್ಲ. ಐದನೆಯ ದಿನ ಪಾಠಕ್ಕೆ ರಜೆ; ಕೋಳಿ ಇನ್ನೂ ಕಣ್ಣು ಬಿಡದ ಹೊತ್ತಿನಲ್ಲಿ ಎದ್ದಳು. ಆಕಾಶ ಒರೆಸಿಟ್ಟ ಹಾಗಿತ್ತು. ಒಂದು ಗುಡುಗು ಇಲ್ಲ, ಮೋಡವೂ ಇಲ್ಲ. ಹಿಟ್ಟು ಹಾಕಿದಳು, ನೀರು ಹಾಕಿದಳು. ಹಾಳಾದವನು ಬಿಟ್ಟುಹೋದ ಯೀಸ್ಟನ್ನೇ ಹಾಕಿದಳು. ಗುಂಡಿ ಒತ್ತಿ ಅಲ್ಲೇ ಕುಳಿತಳು.

ಮನೋರಮಾ ಚಾ ಮಾಡುವ ಹೊತ್ತಿಗೆ ಮುಚ್ಚಳ ತೆಗೆದಳು.

ಉಬ್ಬಿತ್ತು! ಮುಚ್ಚಳದ ಗಾಜಿಗೆ ತಲೆ ತಾಗಿಸಿ, ಹೊನ್ನಿನ ಬಣ್ಣದಲ್ಲಿ, ಗುಡ್ಡದ ಹಾಗೆ! ಪರಿಮಳಕ್ಕೆ ಆಚೆ ಮನೆಯ ವನೆಸ್ಸಾ ಜ್ವರವಿಲ್ಲದಿದ್ದರೂ ತಟ್ಟೆ ಹಿಡಿದು ಬಂದಳು.

'ಬೆಳಿಗ್ಗೆ ಹಾಕಿದ್ದರೆ ಆಗುತ್ತಿತ್ತು... ಅಷ್ಟೇ. ಅಷ್ಟೇ! ಇದಕ್ಕೆ ನಾನು ಹೆಬ್ರಿಯಿಂದ ನೀರು ತರಿಸಿದೆನಲ್ಲ!'

ನಗು ಬಂತು. ಈ ನಗುವನ್ನು ಯಾರಿಗೆ ಹೇಳಬೇಕು ಎಂದು ಫೋನ್ ಕೈಗೆತ್ತಿಕೊಂಡಾಗ ಬೆರಳು ತಾನಾಗಿಯೇ ಒಂದು ಹೆಸರಿನ ಮೇಲೆ ಹೋಯಿತು. ನಗು ಹೋಗಿ ಅಳು ಬಂತು. ಫೋನನ್ನು ಮಗುಚಿ ಹಾಕಿದಳು.

ಎರಡು ಬ್ರೆಡ್ ಮಾಡಿಕೊಂಡು ಮಣಿಪಾಲಕ್ಕೆ ಹೊರಟಳು. ಕರೆಯದಿದ್ದರೂ ಹೋದಳು. ಜೋಸ್ಲಿನ್ ಬಾಯಿಯ ಮೇಜಿನ ಮೇಲೆ ಒಂದನ್ನು ಇಟ್ಟಳು. ಈ ಸಲ ಧಡ್ ಎನ್ನಲಿಲ್ಲ. ಸದ್ದೇ ಆಗಲಿಲ್ಲ.

ಬಾಯಿ ಒಂದು ತುಂಡು ತಿಂದರು. ಎರಡನೆಯ ತುಂಡಿಗೆ ಕೈ ಹಾಕಿದರು.

"ಇದು ಅದೇ ಮೆಷಿನಾ?"

"ಅದೇ, ಬಾಯಿ. ಹೊತ್ತು ಮಾತ್ರ ಬೇರೆ. ಗುಡುಗು ಏಳುವ ಮೊದಲೇ ನಾನು ಎದ್ದೆ."

"ಹಾಗಾದರೆ ಆ ಓರೆ ಹಲ್ಲಿನ ಹುಡುಗ ಹೇಳಿದ್ದು ಸುಳ್ಳಲ್ಲ."

ಚೈತಾಲಿ ತಲೆ ಎತ್ತಿದಳು. "ಯಾರು?"

"ಮೊನ್ನೆ ಬಂದಿದ್ದ ಮಾರಾಯ್ತಿ. ಕೆಫೆ ತುಂಬ ಕಾಲೇಜು ಮಕ್ಕಳು. ಅವರ ಎದುರು ನಿಂತು ದೊಡ್ಡ ಸ್ವರದಲ್ಲಿ, 'ಅವಳ ಕೈ ಸರಿ ಉಂಟು, ನಾನೇ ಪ್ಲಗ್ ತೆಗೆದದ್ದು, ನನ್ನ ಸ್ವಾರ್ಥಕ್ಕೆ ತೆಗೆದದ್ದು' ಅಂತ. ಯಾವ ಪ್ಲಗ್, ಎಂತ ಸ್ವಾರ್ಥ, ನನಗೆ ಒಂದೂ ಅರ್ಥ ಆಗ್ಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದರು. ಅವನು ಪಾಪ, ಚಾ ಸಹ ಕುಡಿಯದೆ ಹೋದ." ಬಾಯಿ ಮೂರನೆಯ ತುಂಡು ತೆಗೆದುಕೊಂಡರು. "ಆದರೆ ಒಂದು ಹೇಳ್ತೇನೆ, ಅವನು ಹೇಳಿದ ಅಂತ ನಾನು ತಗೊಳ್ಳುವುದಲ್ಲ. ನನ್ನ ನಾಲಗೆ ಹೇಳ್ತದೆ. ನಾಳೆಯಿಂದ ತಾ."

ಮನಸ್ಸಿನ ಬೋರ್ಡಿನ ಲೈಟು ಪಟಪಟನೆ ಹತ್ತಿಕೊಂಡಿತು. ಮಣಿಪಾಲದಲ್ಲಿ ಆ ದಿನ ಕರೆಂಟು ಹೋಗಿದ್ದರೂ ಊರಿಗೇ ಬೆಳಕು ಸಾಲುತ್ತಿತ್ತು.

*

ಎರಡನೆಯ ಬ್ರೆಡ್ ಎದೆಗೆ ಒತ್ತಿಕೊಂಡು ಅವಳು ಅಕ್ಷಿತನ ಫ್ಲ್ಯಾಟಿನ ಮೆಟ್ಟಿಲು ಹತ್ತಿದಳು. ಮಧ್ಯಾಹ್ನ ಕಳೆದಿತ್ತು. ಮೋಡ ಸೇರುತ್ತಿತ್ತು.

ಬಾಗಿಲು ತೆರೆದೇ ಇತ್ತು. ಗಾಳಿಗೆ ಬಡಿಯದಂತೆ ಕೆಳಗೆ ಏನೋ ಒತ್ತು ಕೊಟ್ಟಿದ್ದರು. ಬಗ್ಗಿ ನೋಡಿದಳು. ಕಂದು ಬಣ್ಣದ ಕಲ್ಲು. ತಳದಲ್ಲಿ, ಹಿಟ್ಟು ಕಲಸುವ ರೆಕ್ಕೆ ಬಿಟ್ಟ ತೂತು.

ಅವಳ ಮೊದಲ ಬ್ರೆಡ್!

"ಇದನ್ನು ಇನ್ನೂ ಇಟ್ಟುಕೊಂಡಿದ್ದೀರಾ?" ಎಂದು ಒಳಗೆ ಕೂಗಿ ಕೇಳಿದಳು.

ಒಳಗಿನಿಂದ ಅಕ್ಷಿತ್ ಬಂದ. ಗಡ್ಡ ಬಿಟ್ಟಿದ್ದ. ಅದು ಕಾರ್ಕಳದ ಬೆಟ್ಟದ ಕಾಡಿಗಿಂತ ದಟ್ಟವಾಗಿತ್ತು. ಅವಳನ್ನು ಕಂಡು ಅವನಿಗೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ. ನೀವು ಮೊದಲು ತಂದದ್ದು ಅಲ್ವಾ?" ಎಂದ. "ತಪ್ಪು ಮಾಡಿದೆ ಚೈತಾಲಿ. ನಿಮಗೆ ಅದು ಎಷ್ಟು ಬೇಕಿತ್ತು ಅಂತ ಕೇಳಲೂ ಇಲ್ಲ. ನನಗೆ ಬೇಕಾದದ್ದು ಮಾತ್ರ ನೋಡಿದೆ."

"ಹೌದು. ತಪ್ಪು ಮಾಡಿದ್ದೀರಿ." ಅವಳು ಬ್ರೆಡ್ಡನ್ನು ಮೇಜಿನ ಮೇಲಿಟ್ಟಳು. "ಇನ್ನು ಮುಂದೆ ಗೊತ್ತಾದದ್ದನ್ನು ಗೊತ್ತಾದ ಕೂಡಲೇ ಹೇಳಬೇಕು. ಆಗ್ತದಾ?"

ಇನ್ನು ಮುಂದೆ! ಆ ಎರಡು ಪದ ಕೇಳಿ ಅವನ ಕಣ್ಣು ತುಂಬಿತು. "ಆಗ್ತದೆ," ಎಂದು ಹೇಳುವಷ್ಟರಲ್ಲಿ...

ಗುಡುಡುಡು!

ಅಕ್ಷಿತ್ ಒಂದೇ ನೆಗೆತಕ್ಕೆ ಫ್ರಿಜ್ಜಿನ ಪ್ಲಗ್ ಕಿತ್ತ. ಮಿಕ್ಸಿಯದು ಕಿತ್ತ. ವೈಫೈ ಡಬ್ಬದ್ದು ಕಿತ್ತ.

"ಎಂತ ಮಾಡ್ತಿದ್ದೀರಿ?"

"ಗುಡುಗು ಕೇಳಲಿಲ್ವಾ?"

ಚೈತಾಲಿ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಬ್ರೆಡ್ಡನ್ನು ಕೈಯಲ್ಲೇ ಹರಿದಳು. ಮೋಡ ಹರಿದಷ್ಟು ಸುಲಭವಾಗಿ ಹರಿಯಿತು. ಒಂದು ತುಂಡನ್ನು ಅವನ ಬಾಯಿಗಿಟ್ಟಳು.

ಅವನು ಕಣ್ಣು ಮುಚ್ಚಿ ಅಗಿದ.

"ಹೇಗುಂಟು?"

"ಉಪ್ಪು ಸ್ವಲ್ಪ ಕಡಿಮೆ."

"ಏನು?!"

"ಗೊತ್ತಾದ ಕೂಡಲೇ ಹೇಳಬೇಕು ಅಂತ ನೀನೇ ಹೇಳಿದ್ದಲ್ವಾ?"

ಅವನು 'ನೀನು' ಎಂದದ್ದು ಇಬ್ಬರಿಗೂ ಕೇಳಿಸಿತು. ಅವಳು ತಿದ್ದಲಿಲ್ಲ.

"ಇನ್ನೊಂದು ಗೊತ್ತಾದದ್ದು ಉಂಟು," ಎಂದ ಅಕ್ಷಿತ್ ಮೆಲ್ಲಗೆ. "ನೀನಿಲ್ಲದೆ ನನಗೆ ಆಗುವುದಿಲ್ಲ."

"ಅದು ನನಗೆ ಮೊದಲೇ ಗೊತ್ತಿತ್ತು. ಕಡಲ ಹತ್ತಿರ ಕೈ ಹಿಡಿದ ದಿನವೇ."

"ಮತ್ತೆ ಗೊತ್ತಾದ ಕೂಡಲೇ ಹೇಳಲಿಲ್ಲ ಯಾಕೆ?"

ಚೈತಾಲಿ ತಲೆ ತಗ್ಗಿಸಿದಳು. ಬೆರಳಿಗೆ ಅಂಟಿದ್ದ ಬ್ರೆಡ್ಡಿನ ಚೂರನ್ನು ನೋಡುತ್ತಾ, ಗುಡುಗಿಗೂ ಕೇಳಿಸದಷ್ಟು ಸಣ್ಣ ಸ್ವರದಲ್ಲಿ ಹೇಳಿದಳು.

"ಹೇಳಿದರೆ... ನೀವು ಮೆಷಿನ್ ನೋಡಲಿಕ್ಕೆ ಬರುವುದನ್ನು ನಿಲ್ಲಿಸಿಬಿಟ್ಟರೆ?"